ಓದುಗರ ಪ್ರಶ್ನೆ: ಹಿಮದ ಏರಿನಲ್ಲಿ ಕಳಚುವ ಸ್ಕಿನ್

ಪ್ರಶ್ನೆ: ಹೋದ ಫೆಬ್ರವರಿಯಲ್ಲಿ ಗುಲ್ಮಾರ್ಗಿನಲ್ಲಿ ಬಾಡಿಗೆ ಸ್ಕೀ ಕಟ್ಟಿಕೊಂಡು, ಗೈಡ್ ಜೊತೆ ಒಂದು ದಿನದ ಸ್ಕೀ ಟೂರಿಂಗ್ (ಸ್ಕೀ ಮೇಲೇ ಗುಡ್ಡ ಹತ್ತಿ, ಜಾರಿ ಇಳಿಯುವುದು) ಮಾಡಿದೆ. ಏರು ಹತ್ತಲು ಸ್ಕೀ ಅಡಿಗೆ ಅಂಟಿಸುವ ರೋಮದ ಪಟ್ಟಿ, ಅಂದರೆ ಸ್ಕಿನ್, ಮೊದಲ ಏರಿನಲ್ಲಿ ಚೆನ್ನಾಗಿಯೇ ಹಿಡಿದಿತ್ತು. ಒಂದು ಇಳಿಜಾರು ಜಾರಿ ಬಂದು ಮತ್ತೆ ಅಂಟಿಸಿದರೆ ಹಿಂತುದಿಯಿಂದ ಕಳಚತೊಡಗಿತು. ಅಂಟು ಹಳತೋ, ತಪ್ಪು ನನ್ನದೋ?
– ಓದುಗರು, ಶಿರಸಿ

ಉತ್ತರ: ಎರಡನೇ ಸಲ ಕಳಚಿತು ಅಂದರೆ ಅಂಟಿಗಿಂತ ಹಿಮದ ಮೇಲೇ ಹೆಚ್ಚು ಅನುಮಾನ. ಹಲಸಿನ ಹಣ್ಣು ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಹತ್ತುವುದಿಲ್ಲವಲ್ಲ, ಸ್ಕೀ ಅಡಿಯಲ್ಲಿ ಉಳಿದ ಹಿಮದ ಪುಡಿಯೂ ಅದೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು, ಒಣಬಟ್ಟೆಯಲ್ಲಿ ಒರೆಸಿ. ಲೋಹದ ಅಂಚಿನ ಪಕ್ಕವನ್ನು ಬಿಡಬೇಡಿ, ತೇವ ಕೂರುವುದೇ ಅಲ್ಲಿ. ಮುಂತುದಿಗೆ ಕೊಕ್ಕೆ ಸಿಕ್ಕಿಸಿ, ಸ್ಕಿನ್ ಬಿಗಿಯಾಗಿ ಎಳೆದು ಅಂಗೈಯಿಂದ ಒತ್ತುತ್ತ ಹಿಂದಕ್ಕೆ ಬನ್ನಿ.

ಇಳಿಯುವಾಗ ಅದನ್ನು ಬ್ಯಾಗಿನಲ್ಲಿ ತುರುಕಿದ್ದಿರಾ? ಥಂಡಿಗೆ ಅಂಟು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಅಂಟಿಗೆ ಅಂಟು ಕೂಡುವಂತೆ ಮಡಚಿ ಜಾಕೆಟ್ಟಿನೊಳಗೆ, ಹೊಟ್ಟೆಯ ಬಿಸಿಯಲ್ಲಿ ಇಟ್ಟುಕೊಳ್ಳಿ. ಎರಡು ರಬ್ಬರ್ ಪಟ್ಟಿ ಜೇಬಿನಲ್ಲಿರಲಿ. ಬಾಲ ಬಿಟ್ಟುಕೊಂಡರೆ ಸ್ಕೀ ಸಮೇತ ಸುತ್ತಿ ಕಟ್ಟಿದರೆ ಆ ದಿನ ದಾಟುತ್ತದೆ.

ಬಾಡಿಗೆಗೆ ತೆಗೆದುಕೊಳ್ಳುವಾಗ ಅಂಟಿಗೆ ಹೆಬ್ಬೆರಳು ಒತ್ತಿ ನೋಡಿ. ಬೆರಳು ಹಿಡಿಯಬೇಕು, ಎತ್ತಿದಾಗ ಅಂಟು ಬೆರಳಿಗೆ ಬರಬಾರದು. ಬಂದರೆ ಬೇರೆ ಜೋಡಿ ಕೇಳಿ, ಸಂಕೋಚ ಬೇಡ. ಒದ್ದೆ ಸ್ಕಿನ್ ಬುಖಾರಿ ಒಲೆಗೆ ಒಡ್ಡುವವರಿದ್ದಾರೆ. ಅಂಟು ಹಾಳಾಗುವುದು ಹೆಚ್ಚಾಗಿ ಹಾಗೆಯೇ. ಕೋಣೆಯಲ್ಲಿ ತೂಗುಹಾಕಿದರೆ ಸಾಕು.

ಪ್ರಶ್ನೆ: ಸಮುದ್ರದ ಮಟ್ಟದಲ್ಲಿ ಇರುವವರು ಒಂದು ದಿನಕ್ಕೆ ಎಷ್ಟು ಏರಬಹುದು?
– ಓದುಗರು, ಕಾರವಾರ

ಉತ್ತರ: ತಾಸಿಗೆ 300 ಮೀಟರ್ ಲೆಕ್ಕ ಹಿಡಿಯಿರಿ. ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರುವಷ್ಟು ಎತ್ತರಕ್ಕೆ, ಸುಮಾರು 600 ಮೀಟರಿಗೆ, ಎರಡು ತಾಸು. ಮೊದಲ ದಿನಕ್ಕೆ ಅಷ್ಟು ಬೇಕಾದಷ್ಟಾಯಿತು. ಗುಲ್ಮಾರ್ಗೇ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಎರಡು ರಾತ್ರಿ ಅಲ್ಲಿ ಕಳೆದು ಹೊರಡಿ.

ಪ್ರಶ್ನೆ: ಗೈಡ್ ಹತ್ತಿರ ಬೀಕನ್ ಇದ್ದರೆ ಸಾಲದೇ?
– ಓದುಗರು, ಕುಮಟಾ

ಉತ್ತರ: ಸಾಲದು. ಬೀಕನ್ ಅಂದರೆ ಮೈಗೆ ಕಟ್ಟಿಕೊಳ್ಳುವ ಪುಟ್ಟ ಸಾಧನ, ರೇಡಿಯೊ ಸಿಗ್ನಲ್ ಬಿಡುತ್ತದೆ, ಹುಡುಕುವಾಗ ಇನ್ನೊಂದರ ಸಿಗ್ನಲ್ ಹಿಡಿಯುತ್ತದೆ. ಹಿಮಕುಸಿತದಲ್ಲಿ ಹೂತವರ ಮೈಮೇಲೆ ಬೀಕನ್ ಇಲ್ಲದಿದ್ದರೆ ಗೈಡಿನ ಬೀಕನ್ ಹುಡುಕುವುದಾದರೂ ಏನನ್ನು? ಹೂತದ್ದು ಗೈಡೇ ಆದರೆ ಹುಡುಕುವವರು ನೀವು. ಬೀಕನ್, ಪ್ರೋಬ್ (ಹಿಮಕ್ಕೆ ಚುಚ್ಚಿ ಹೂತವರನ್ನು ಹುಡುಕುವ, ಮಡಚುವ ಉದ್ದ ಕೋಲು), ಲೋಹದ ಸಲಿಕೆ ಮೂರೂ ಪ್ರತಿಯೊಬ್ಬರಲ್ಲೂ ಇರಬೇಕು. ಹೆಚ್ಚಿನ ಕುಸಿತ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಅಂದರೆ ಜಾರಲು ಆಸೆ ಹುಟ್ಟಿಸುವ ಇಳಿಜಾರಿನಲ್ಲೇ. ಮೊದಲ 10–15 ನಿಮಿಷ ಕಳೆದರೆ ಹೂತವರು ಬದುಕುವ ಸಾಧ್ಯತೆ ಬೇಗ ಕುಸಿಯುತ್ತದೆ. ಸಿಗ್ನಲ್ಲಿಗೆ ಅಡ್ಡಿಯಾಗದಂತೆ ಮೊಬೈಲನ್ನು ಬೀಕನ್‌ನಿಂದ ಸಾಮಾನ್ಯವಾಗಿ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರ ಇಡಿ.

ಅಭ್ಯಾಸಕ್ಕೆ ನಿಮ್ಮ ಕಡಲತೀರವೇ ಇದೆ. ಸಿಗ್ನಲ್ ಬಿಡುತ್ತಿರುವ ಬೀಕನ್ನನ್ನು ಡಬ್ಬಿಯಲ್ಲಿ ಹಾಕಿ, ಅಲೆ ಮುಟ್ಟದ ಒಣಮರಳಿನಲ್ಲಿ ಮೊಣಕೈ ಆಳಕ್ಕೆ ಹೂಳಿಸಿ, ಇನ್ನೊಂದರಿಂದ ಹುಡುಕಿ. ಒದ್ದೆ ಮರಳು ಬೇಡ, ಉಪ್ಪುನೀರು 457 ಕಿಲೋಹರ್ಟ್ಸ್ ಸಿಗ್ನಲ್ಲನ್ನು ನುಂಗುತ್ತದೆ. ಪ್ರೋಬನ್ನು ಮಾತ್ರ ಮರಳಿಗೆ ಚುಚ್ಚಬೇಡಿ. ಅದರ ಕೀಲುಗಳಲ್ಲಿ ಒಂದು ಕಣ ಸಿಕ್ಕಿಕೊಂಡರೂ ಹಿಮದಲ್ಲಿ ಬೇಕಾದ ಹೊತ್ತಿಗೆ ಕೂಡಿಕೊಳ್ಳದು.