ಚರ್ಚ್ ಜಾಲತಾಣ: ವರ್ಡ್‌ಪ್ರೆಸ್ಸೋ, ಜೂಮ್ಲಾವೋ, ಡ್ರೂಪಲ್ಲೋ?

ಪ್ರಶ್ನೆ: ನಮ್ಮದು ಸುಂಟಿಕೊಪ್ಪ ಸಮೀಪದ ಸಣ್ಣ ಚರ್ಚ್. ಬಲಿಪೂಜೆಯ ಸಮಯ, ವಾರದ ಪ್ರಕಟಣೆ ಮತ್ತು ಹಬ್ಬದ ಚಿತ್ರಗಳಿಗಾಗಿ ಜಾಲತಾಣ ಮಾಡುವ ಹೊಣೆ ನನ್ನ ಮೇಲೆ ಬಿದ್ದಿದೆ. ಕನ್ನಡದ ಜೊತೆಗೆ, ತೋಟದ ಕಾರ್ಮಿಕ ಕುಟುಂಬಗಳಿಗಾಗಿ ತಮಿಳೂ ಬೇಕು. ವರ್ಡ್‌ಪ್ರೆಸ್, ಜೂಮ್ಲಾ, ಡ್ರೂಪಲ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?
– ಓದುಗರೊಬ್ಬರು, ಉತ್ತರ ಕೊಡಗು

ಉತ್ತರ: ಮೂರೂ ಜಾಲತಾಣ ಕಟ್ಟಿ ನಿರ್ವಹಿಸಲು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶಗಳೇ ಆದ್ದರಿಂದ ಹಣದ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ, ಡೊಮೇನ್ (ತಾಣದ ವಿಳಾಸದ ಹೆಸರು) ಮತ್ತು ಹೋಸ್ಟಿಂಗ್ (ತಾಣವನ್ನು ಇರಿಸುವ ಸರ್ವರ್ ಜಾಗ) ಖರ್ಚು ಯಾವುದಕ್ಕಾದರೂ ಬಂದೇ ಬರುತ್ತದೆ. ತಾಣವನ್ನು ಕಟ್ಟುವವರು ಯಾರು ಎಂಬುದಕ್ಕಿಂತ, ಪ್ರತಿ ಶನಿವಾರ ಸಂಜೆ ಭಾನುವಾರದ ಪ್ರಕಟಣೆಯನ್ನು ಟೈಪ್ ಮಾಡಿ ಹಾಕುವವರು ಯಾರು ಎಂಬುದನ್ನು ನೀವು ಮೊದಲು ತೀರ್ಮಾನಿಸಬೇಕು. ನಾನು ಈಚೆಗೆ ನೋಡಿದ ಒಂದು ಚರ್ಚಿನ ತಾಣದಲ್ಲಿ, ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯ ಸೂಚನೆ ಆಗಸ್ಟ್ ತಿಂಗಳಲ್ಲೂ ಮುಖಪುಟದಲ್ಲಿ ಹಾಗೇ ಇತ್ತು. ವಿಚಾರಿಸಿದಾಗ, ಅದನ್ನು ಕಟ್ಟಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿದ್ದನೆಂದೂ, ಪಾಸ್‌ವರ್ಡ್ ಅವನೊಂದಿಗೇ ಹೋಗಿತ್ತೆಂದೂ ತಿಳಿಯಿತು.

ಈ ದೃಷ್ಟಿಯಿಂದ ನಿಮಗೆ ವರ್ಡ್‌ಪ್ರೆಸ್ಸೇ ಸರಿ. 2003ರಿಂದ ಬಳಕೆಯಲ್ಲಿರುವ ಅದನ್ನು ಬಲ್ಲವರು ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ಸುಲಭವಾಗಿ ಸಿಗುತ್ತಾರೆ, ಮೊಬೈಲ್ ಆಪ್‌ನಿಂದಲೇ ಪ್ರಕಟಣೆ ಹಾಕಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ನಮ್ಮ ಕಡೆ ಇದು ಸಣ್ಣ ಅನುಕೂಲವಲ್ಲ. ಬಹುಭಾಷೆಯ ಸೌಲಭ್ಯ ಜೂಮ್ಲಾ ಮತ್ತು ಡ್ರೂಪಲ್‌ಗಳಲ್ಲಿ ಮೊದಲಿನಿಂದಲೇ ಒಳಗೊಂಡಿರುತ್ತದೆ, ವರ್ಡ್‌ಪ್ರೆಸ್‌ನಲ್ಲಿ ಪಾಲಿಲ್ಯಾಂಗ್‌ನಂಥ ಪ್ಲಗಿನ್ (ಹೆಚ್ಚುವರಿ ಸೌಲಭ್ಯ ಕೊಡುವ ಪುಟ್ಟ ತಂತ್ರಾಂಶ) ಸೇರಿಸಿಕೊಳ್ಳಬೇಕು ಎಂಬುದು ನಿಜವೇ. ಆದರೆ ಆ ಒಂದು ಕಾರಣಕ್ಕೆ ಡ್ರೂಪಲ್ ಕಲಿಯಲು ಹೊರಡುವುದು ನಿಮ್ಮ ಅಗತ್ಯಕ್ಕೆ ಮೀರಿದ ಸಾಹಸ. 1792ರಲ್ಲಿ ಸ್ಥಾಪನೆಯಾದ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನಂಥ ಹಳೆಯ ಕಡೆ, ಎರಡು ಶತಮಾನದ ದಾಖಲೆಗಳನ್ನು ವರ್ಗೀಕರಿಸಿ ಹುಡುಕುವಂತೆ ಇಡಬೇಕೆಂದರೆ ಆ ಮಾತು ಬೇರೆ.

ಪ್ಲಗಿನ್‌ಗಳ ವಿಷಯದಲ್ಲಿ ಮಾತ್ರ ಕೈ ಬಿಗಿ ಇರಲಿ. ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಪ್ಲಗಿನ್‌ಗಳ ಮೂಲಕ. ಐದಾರಕ್ಕಿಂತ ಹೆಚ್ಚು ನಿಮಗೆ ಬೇಕಾಗಲಾರದು. ಬ್ಯಾಕಪ್‌ನ ಒಂದು ಪ್ರತಿ ಹೋಸ್ಟಿಂಗ್‌ನಿಂದ ಹೊರಗೆ ಇರಬೇಕು.

ಹೆಚ್ಚಿನವರು ಎಡವುವುದು ಕನ್ನಡದಲ್ಲೇ. ಚರ್ಚಿನ ಹಳೆಯ ಪತ್ರಿಕೆಗಳು ಬಹುಶಃ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ. ಅವನ್ನು ಹಾಗೇ ಅಂಟಿಸಿದರೆ ತಾಣದಲ್ಲಿ ಕನ್ನಡದ ಬದಲು ತಲೆಬುಡವಿಲ್ಲದ ರೋಮನ್ ಅಕ್ಷರಗಳು ಕಾಣಿಸುತ್ತವೆ. ಮೊದಲು ಯುನಿಕೋಡ್‌ಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಏಕರೂಪದ ಸಂಕೇತ ವ್ಯವಸ್ಥೆಗೆ) ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿಕೊಳ್ಳಿ. ಶೀರ್ಷಿಕೆ ಕನ್ನಡದಲ್ಲಿದ್ದರೂ ಪುಟದ ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷ್ ಅಕ್ಷರಗಳಲ್ಲೇ ಕೊಡಿ, ಇಲ್ಲದಿದ್ದರೆ ವಾಟ್ಸ್‌ಆಪ್‌ನಲ್ಲಿ ಹಂಚಿದಾಗ ಅದು ಶೇಕಡಾ ಚಿಹ್ನೆಗಳಿಂದ ತುಂಬಿ ನಾಲ್ಕೈದು ಸಾಲು ಉದ್ದವಾಗಬಹುದು. ಬಲಿಪೂಜೆಯ ಸಮಯವನ್ನು ನೋಟಿಸ್ ಬೋರ್ಡಿನ ಫೋಟೋ ತೆಗೆದು ಹಾಕುವ ಅಭ್ಯಾಸ ನನಗೆ ಸರಿಕಾಣದು. ಅದನ್ನು ಅಕ್ಷರದಲ್ಲೇ ಬರೆದರೆ ಗೂಗಲ್‌ನಲ್ಲಿ ಹುಡುಕುವವರಿಗೂ ಸಿಗುತ್ತದೆ, ತೋಟದ ಲೈನ್ ಮನೆಯ ದುರ್ಬಲ ಸಿಗ್ನಲ್ಲಿನಲ್ಲೂ ಬೇಗ ತೆರೆದುಕೊಳ್ಳುತ್ತದೆ.

ಡೊಮೇನನ್ನು ಯಾವುದೇ ವ್ಯಕ್ತಿಯ ಸ್ವಂತ ಇಮೇಲ್‌ನಲ್ಲಿ ನೋಂದಾಯಿಸಬೇಡಿ, ಅದು ಧರ್ಮಗುರುಗಳದ್ದೇ ಆಗಿದ್ದರೂ ಬೇಡ, ಏಕೆಂದರೆ ಅವರಿಗೆ ವರ್ಗಾವಣೆ ತಪ್ಪಿದ್ದಲ್ಲ. ಚರ್ಚಿನ ಹೆಸರಿನಲ್ಲೇ ಒಂದು ಇಮೇಲ್ ತೆರೆದು, ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿ ಮುಚ್ಚಿ, ಜ್ಞಾನಸ್ನಾನದ ರಿಜಿಸ್ಟರ್ ಇರುವ ಕಪಾಟಿನಲ್ಲೇ ಇಡಿ.