ಸಾಹೇಬರು ಬಂದಾಗ ನಾತ ಇರಲ್ಲ!

ಪ್ರಶ್ನೆ: ನಮ್ಮ ಬಡಾವಣೆಯ ಹಿಂದೆ ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ ಇದೆ. ರಾತ್ರಿ ಹತ್ತಾದ ಮೇಲೆ ಕಿಟಕಿ ತೆರೆಯುವ ಹಾಗಿಲ್ಲ, ಬೆಳಗಿನ ಜಾವವಂತೂ ಹೊಟ್ಟೆ ತೊಳಸುತ್ತದೆ. ದೂರು ಕೊಟ್ಟರೆ ಅಧಿಕಾರಿಗಳು ಮಧ್ಯಾಹ್ನ ಬಂದು ಕೈಮೀಟರ್ ತೋರಿಸಿ, ‘ನೋಡಿ, ಸೊನ್ನೆ’ ಅಂದು ಹೋಗುತ್ತಾರೆ. ಇದು ನಮ್ಮ ಭ್ರಮೆಯೇ?
- ಓದುಗರೊಬ್ಬರು, ಬೆಂಗಳೂರು

ಉತ್ತರ: ಭ್ರಮೆ ಖಂಡಿತ ಅಲ್ಲ. ಹಾಗಂತ ಮೀಟರ್ ಸುಳ್ಳು ಹೇಳುತ್ತಿದೆ ಅಂತಲೂ ಅಲ್ಲ, ಅದನ್ನು ಮಾಡಿರುವುದೇ ಬೇರೆ ಕೆಲಸಕ್ಕೆ. ಪಂಪ್‌ಹೌಸ್, ಮ್ಯಾನ್‌ಹೋಲ್ ಹತ್ತಿರ ದುಡಿಯುವವರ ಜೀವ ಉಳಿಸುವ ಸಾಧನ ಅದು. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಅನಿಲ 10 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲು) ಮುಟ್ಟಿದರೆ ಸಾಮಾನ್ಯವಾಗಿ ಕೂಗಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ಆ ನಾತ ನಮ್ಮ ಮೂಗಿಗೆ ಅದರ ಸಾವಿರದ ಒಂದು ಪಾಲಿದ್ದರೂ ತಿಳಿಯುತ್ತದೆ! ವಾಸನೆಯ ಕಾಟ ಇರಬಾರದು ಅಂದರೆ ಅರ್ಧ ಗಂಟೆಯ ಸರಾಸರಿ ಘನ ಮೀಟರ್‌ಗೆ 7 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು 0.005 ಪಿಪಿಎಂ. ಸಾಮಾನ್ಯ ಕೈಮೀಟರ್ ಅಷ್ಟು ಕಡಿಮೆ ತೋರಿಸುವುದೇ ಇಲ್ಲ. ಇನ್ನೊಂದು ತೊಡಕು: 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ಗಾಳಿ ಗುಣಮಟ್ಟದ 12 ಅಂಶಗಳ ಪಟ್ಟಿಯಲ್ಲಿ ಅಮೋನಿಯಾ ಇದೆ, ಈ ಅನಿಲ ಇಲ್ಲ.

ಇನ್ನು ಮಧ್ಯಾಹ್ನದ ಭೇಟಿ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇರುತ್ತದೆ, ನಾತವೂ ಚದುರಿಹೋಗುತ್ತದೆ. ರಾತ್ರಿ ನೆಲ ತಣ್ಣಗಾದಾಗ ತಂಪು ಗಾಳಿ ಕೆಳಗೇ ಕೂರುತ್ತದೆ, ಇಳಿಜಾರು ಹಿಡಿದು ಮೆಲ್ಲಗೆ ಹರಿಯುತ್ತದೆ. ಕೊಳಚೆ ತಾನಾಗಿ ಹರಿದು ಬರಲಿ ಅಂತ ಎಸ್‌ಟಿಪಿಗಳನ್ನು ಹೆಚ್ಚಾಗಿ ತಗ್ಗಿನಲ್ಲೇ ಕಟ್ಟುತ್ತಾರೆ, ಆ ತಗ್ಗಿನ ಉದ್ದಕ್ಕೂ ಮನೆಗಳಿದ್ದರೆ ನಾತ ನೇರ ಅವರ ಕಿಟಕಿಗೇ ಅಲ್ವಾ?

ಅದಕ್ಕೇ ನೀವೇ ಬರೆದಿಡಿ. ಒಂದು ನೋಟ್‌ಬುಕ್ ಸಾಕು, ಆ್ಯಪ್ ಗೀಪ್ ಬೇಡ. ಒಂದು ಸಾಲು ಹೀಗಿರಲಿ: ‘ಬೆಳಗ್ಗೆ 5.40, ಗೇಟ್ ಹತ್ತಿರ, ಕೊಳೆತ ಮೊಟ್ಟೆ, ಜೋರು, 20 ನಿಮಿಷ, ಊದುಬತ್ತಿ ಹೊಗೆ ಪಶ್ಚಿಮಕ್ಕೆ.’ ಊದುಬತ್ತಿಯನ್ನು ಮೂಗಿನಿಂದ ದೂರ ಹಿಡಿಯಿರಿ, ಗಾಳಿ ಎತ್ತ ಹೋಗುತ್ತಿದೆ ನೋಡಲಷ್ಟೇ ಅದು. ಹೊರಗೆ ಬಂದ ತಕ್ಷಣದ ಮೊದಲ ಉಸಿರನ್ನೇ ನಂಬಿ, ಹತ್ತು ನಿಮಿಷ ನಿಂತರೆ ಮೂಗಿಗೆ ಅಭ್ಯಾಸವಾಗಿಬಿಡುತ್ತದೆ. ನಾತ ಇಲ್ಲದ ದಿನವನ್ನೂ ಬರೆಯಿರಿ. ಇದನ್ನೇ ಜನ ಬಿಡುವುದು, ಆಮೇಲೆ ‘ಇವರು ಸುಮ್ನೆ ದೂರುತ್ತಾರೆ’ ಅನ್ನಿಸಿಕೊಳ್ಳುವುದು.

ಬೇರೆ ಬೇರೆ ಬೀದಿಯ ನಾಲ್ಕೈದು ಮನೆಯವರು ಪರಸ್ಪರ ಕೇಳದೆ ಬರೆದರೆ ಇನ್ನೂ ಗಟ್ಟಿ. ಇದು ಹವ್ಯಾಸಿಗಳ ಆಟ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ತರಬೇತಾದವರು ಗೊತ್ತುಮಾಡಿದ ಜಾಗದಲ್ಲಿ 10 ನಿಮಿಷ ನಿಂತು 10 ಸೆಕೆಂಡಿಗೊಮ್ಮೆ ಮೂಸಿ ಗುರುತು ಹಾಕುತ್ತಾರೆ. ನೂರಕ್ಕೆ ಹತ್ತು ಸಲ ನಾತ ಸಿಕ್ಕರೂ ಅದು ‘ನಾತದ ಗಂಟೆ’. ವಸತಿ ಪ್ರದೇಶದಲ್ಲಿ ವರ್ಷದ ಗಂಟೆಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಅಂಥವು ಇರುವಂತಿಲ್ಲ.

ಮೂಲ ಯಾವುದು ಅಂತಲೂ ನೋಡಿ. ಗಾಳಿ ನಿಮ್ಮ ಕಡೆಯಿಂದ ಎಸ್‌ಟಿಪಿ ಕಡೆಗೆ ಬೀಸುವಾಗಲೂ ನಾತ ಇದ್ದರೆ ಪಕ್ಕದ ರಾಜಕಾಲುವೆ ಅಥವಾ ಮ್ಯಾನ್‌ಹೋಲ್ ಇರಬಹುದು. ಮ್ಯಾನ್‌ಹೋಲ್ ಮುಚ್ಚಳ ಮಾತ್ರ ತೆಗೆಯಬೇಡಿ, ಒಳಗೆ ಅನಿಲ ಜಾಸ್ತಿಯಾದರೆ ಮೂಗೇ ಮರಗಟ್ಟುತ್ತದೆ, ವಾಸನೆ ನಿಂತಿತು ಅನ್ನುವಷ್ಟರಲ್ಲಿ ಜೀವಕ್ಕೇ ಅಪಾಯ. ಕೊಳೆತ ಮೊಟ್ಟೆಯ ವಾಸನೆ ಹೆಚ್ಚಾಗಿ ಕೊಳಚೆ ಒಳಬರುವ ಕಡೆಯದು. ಕೊಳೆತ ಎಲೆಕೋಸಿನಂತಿದ್ದರೆ ಸ್ಲಡ್ಜ್ (ಶುದ್ಧೀಕರಣದಲ್ಲಿ ಉಳಿಯುವ ಕೆಸರು) ಮೇಲೆ ಅನುಮಾನ ಪಡಿ, ಅದನ್ನು ಲೋಡ್ ಮಾಡುವ ಹೊತ್ತನ್ನೂ ಗುರುತಿಸಿಕೊಳ್ಳಿ.

ಎರಡು ತಿಂಗಳ ಬರಹದ ಜೆರಾಕ್ಸ್ ಸೇರಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ‘ದಯವಿಟ್ಟು ಬೆಳಗ್ಗೆ ಐದರಿಂದ ಏಳರ ಒಳಗೆ ಬನ್ನಿ’ ಅಂತ ಅರ್ಜಿಯಲ್ಲೇ ಬರೆಯಿರಿ. ಘಟಕಕ್ಕೆ ಮಂಡಳಿ ಕೊಟ್ಟಿರುವ ಸಮ್ಮತಿ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ, ಷರತ್ತುಗಳೆಲ್ಲ ಅದರಲ್ಲೇ ಇರುತ್ತವೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಎಸ್‌ಟಿಪಿ ಸುತ್ತ ಸೆಂಟ್ ಸ್ಪ್ರೇ ಹೊಡೆಯುತ್ತಾರೆ. ಸಾಕೇ?
- ಇನ್ನೊಬ್ಬ ಓದುಗರು, ಮೈಸೂರು

ಉತ್ತರ: ಮಲ್ಲಿಗೆ ಘಮದ ನಾತ ಬರುತ್ತದೆ, ಅಷ್ಟೇ. ಆ ದುಡ್ಡಲ್ಲಿ, ಕೊಳಚೆ ನಾರದಂತೆ ಗಾಳಿ ಊದುವ ಬ್ಲೋವರ್ ರಿಪೇರಿ ಮಾಡಿಸಿ. ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ಆಫ್ ಮಾಡುತ್ತಾರಾ ಅಂತ ಆಪರೇಟರ್‌ನ ಕೇಳಿ.