ಲಕ್ಸೆಂಬರ್ಗ್‌ಗೆ ಫ್ರೆಂಚ್ ಒಂದೇ ಸಾಕಾ?

ಲಕ್ಸೆಂಬರ್ಗ್‌ನಲ್ಲಿ ಕೆಲಸ ಸಿಕ್ಕಿದೆ, ಮಕ್ಕಳನ್ನೂ ಕರ್ಕೊಂಡು ಹೋಗ್ತಿದ್ದೀವಿ, ಫ್ರೆಂಚ್ ಕಲಿತರೆ ಸಾಕಾ ಅಂತ ಕೇಳಿದ್ದೀರಿ. ಅಂಗಡಿ, ಹೋಟೆಲಿಗೆ ಖಂಡಿತ ಸಾಕು. ಅಲ್ಲಿ ಕೆಲಸ ಮಾಡುವ ಎಷ್ಟೋ ಜನ ದಿನಾ ಗಡಿ ದಾಟಿ ಫ್ರಾನ್ಸ್‌ನಿಂದ ಬರುತ್ತಾರೆ. ಕಾನೂನು ಬರೆಯುವುದೂ ಫ್ರೆಂಚಿನಲ್ಲೇ.

ಆದರೆ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಮೊದಲು ಓದು ಬರಹ ಕಲಿಯುವುದು ಹೆಚ್ಚಾಗಿ ಜರ್ಮನ್‌ನಲ್ಲಿ. ಶಾಲೆ ಆರಿಸುವ ಮೊದಲೇ ಇದನ್ನು ವಿಚಾರಿಸಿ, ಎಷ್ಟೋ ಅಪ್ಪ ಅಮ್ಮಂದಿರು ಎಡವುವುದು ಇಲ್ಲೇ.

ಊರವರ ಮನೆಮಾತು ಮಾತ್ರ ಇವೆರಡೂ ಅಲ್ಲ, ಲಕ್ಸೆಂಬರ್ಗಿಷ್. 1984ರ ಕಾನೂನು ಅದನ್ನೇ ರಾಷ್ಟ್ರಭಾಷೆ ಎಂದಿತು. ಪೌರತ್ವಕ್ಕೆ ಸಾಮಾನ್ಯವಾಗಿ ಅದರಲ್ಲೇ ಪರೀಕ್ಷೆ. ಸುಮ್ನೆ ಪಕ್ಕದ ಮನೆಯವರಿಗೆ 'ಮೊಯೆನ್' ಅಂದು ನೋಡಿ, ಅದು ಅವರ ನಮಸ್ಕಾರ. ಥ್ಯಾಂಕ್ಸ್ ಹೇಳೋಕೆ 'ಮೆರ್ಸಿ', ಅದು ಫ್ರೆಂಚಿನದೇ ಅಲ್ವಾ, ಬೇಗ ನಾಲಿಗೆಗೆ ಹತ್ತುತ್ತೆ.